ಎರಡು ತಿಂಗಳು ಬರೀ ಅಳತೆ ಹಿಡಿದೆ, ಏನು ಕಲಿತೆ ಅಂತ ಹೇಳಲಿ?

ಪ್ರಶ್ನೆ: ನಾನು ಗದಗ ಜಿಲ್ಲೆಯ ಹಳ್ಳಿಯವಳು. ಹುಬ್ಬಳ್ಳಿಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮೂರನೇ ವರ್ಷ ಮುಗಿಸಿದ್ದೇನೆ. ಜೂನ್, ಜುಲೈನಲ್ಲಿ ಎಂಟು ವಾರ ಪುಣೆ ಹತ್ತಿರದ ಚಾಕಣ್‌ನಲ್ಲಿ, ವಾಹನದ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿ ಇಂಟರ್ನ್‌ಶಿಪ್ ಮಾಡಿದೆ. ಬೇರಿಂಗ್ ಕೂರುವ ಅಲ್ಯೂಮಿನಿಯಂ ಹೌಸಿಂಗ್. ಅದರ 72 ಮಿಲಿಮೀಟರ್ ರಂಧ್ರವನ್ನು ಬೋರ್ ಗೇಜ್ (ರಂಧ್ರದ ಒಳ ಅಗಲ ಅಳೆಯುವ ಸಾಧನ) ಹಾಕಿ ಅಳೆಯುವುದು, ಎಕ್ಸೆಲ್‌ನಲ್ಲಿ ತುಂಬುವುದು. ದಿನಕ್ಕೆ 60 ಪೀಸ್. ಇಷ್ಟೇ ಕೆಲಸ. ಒಮ್ಮೆ ಮೆಷಿನ್ನಿಂದ ಆಗಷ್ಟೇ ಬಂದ ಪೀಸ್ ಅಳೆದು ರಿಜೆಕ್ಟ್ ಅಂದೆ. ಆಪರೇಟರ್ ಕಾಕಾ ನಕ್ಕು, ‘ಅರ್ಧ ಗಂಟೆ ಬಿಟ್ಟು ಅಳೆದು ನೋಡು’ ಅಂದರು. ಆಗ ಸರಿಯಾಗಿ ಬಂತು. ಅದೊಂದು ಬಿಟ್ಟರೆ ಹೇಳಿಕೊಳ್ಳುವಂಥದ್ದು ಏನೂ ನೆನಪಿಲ್ಲ. ಸ್ಟೈಪೆಂಡ್ ಇರಲಿಲ್ಲ, ಮಧ್ಯಾಹ್ನದ ಊಟ ಕೊಡುತ್ತಿದ್ದರು. ಪಿಜಿ ಬಾಡಿಗೆ ಅಪ್ಪ ಕಳಿಸಿದ್ದು. ಬೆಂಗಳೂರಿನಲ್ಲಿ ಮಾಡಿದ ಗೆಳತಿಯರಿಗೆ ದುಡ್ಡು ಸಿಕ್ಕಿದೆ, ಒಬ್ಬಳಿಗೆ ಕೆಲಸದ ಮಾತೂ ಆಗಿದೆ. ಕೊನೆಯ ದಿನ ಕೇಕ್ ಕತ್ತರಿಸಿ ಸರ್ಟಿಫಿಕೇಟ್ ಕೊಟ್ಟರು. ಕಾಕಾ ತಮ್ಮ ಹಳೇ ಆರಿಂಚಿನ ಸ್ಟೀಲ್ ಸ್ಕೇಲನ್ನು ನನ್ನ ಕೈಗಿಟ್ಟರು. ಮಿರಜ್ ಬರುವವರೆಗೂ ರೈಲಿನಲ್ಲಿ ಅಳುತ್ತಲೇ ಇದ್ದೆ. ಮನೆಗೆ ಬಂದು ಹತ್ತು ದಿನ ಆಯಿತು. ‘ಎರಡ್ ತಿಂಗಳು ಅಲ್ಲಿ ಏನ್ ಮಾಡಿದಿ?’ ಅಂತ ಅವ್ವ ಕೇಳಿದರೆ ಬಾಯಿ ಬರುವುದಿಲ್ಲ. ಮನೆಯಲ್ಲಿದ್ದೂ ಇಲ್ಲದ ಹಾಗಿದ್ದೇನೆ. ರಿಪೋರ್ಟ್ ಬರೆಯಲು ಕೂತರೆ ಕಂಪನಿಯ ಇತಿಹಾಸ ಬಿಟ್ಟು ಒಂದು ಸಾಲೂ ಮುಂದೆ ಹೋಗುತ್ತಿಲ್ಲ. ಅಪ್ಪನ ದುಡ್ಡು ಹಾಳು ಮಾಡಿದೆನಾ?

ಉತ್ತರ: ಇಪ್ಪತ್ತೆಂಟು ವರ್ಷ ಮೆಕ್ಯಾನಿಕಲ್ ವಿಭಾಗದಲ್ಲಿ ಪಾಠ ಮಾಡಿದವಳು ನಾನು. ಅದರಲ್ಲಿ ಹನ್ನೆರಡು ವರ್ಷ ಇಂಟರ್ನ್‌ಶಿಪ್ ರಿಪೋರ್ಟ್‌ಗಳನ್ನು ಓದಿ ಸಹಿ ಹಾಕುವ ಕೆಲಸವೂ ನನ್ನ ಪಾಲಿಗಿತ್ತು. ನಿನ್ನ ವಯಸ್ಸಿನವರನ್ನು ನೀನು ಅಂತಲೇ ಕರೆದು ರೂಢಿ, ಬೇಜಾರು ಮಾಡ್ಕೋಬೇಡ.

ಮೊದಲು ನಿನ್ನ ಕೊನೆಯ ಪ್ರಶ್ನೆಗೆ ಉತ್ತರ ಹೇಳಿಬಿಡುತ್ತೇನೆ. ದುಡ್ಡು ಹಾಳಾಗಿಲ್ಲ. ಸುಮ್ನೆ ಸಮಾಧಾನಕ್ಕೆ ಹೇಳುತ್ತಿಲ್ಲ. ‘ಹೇಳಿಕೊಳ್ಳುವಂಥದ್ದು ಏನೂ ನೆನಪಿಲ್ಲ’ ಅಂತ ನೀನು ದಾಟಿ ಹೋದೆಯಲ್ಲ, ಆ ಅರ್ಧ ಗಂಟೆಯ ಮಾತು, ಅದರಲ್ಲೇ ನಿನ್ನ ರಿಪೋರ್ಟ್ ಪೂರ್ತಿ ಇದೆ. ಬಾ, ಅದನ್ನು ಸ್ವಲ್ಪ ಹತ್ತಿರದಿಂದ ನೋಡೋಣ.

72 ಮಿಲಿಮೀಟರ್ ರಂಧ್ರ ಅಂದಿದ್ದೀಯ. ಡ್ರಾಯಿಂಗ್‌ನಲ್ಲಿ ಅದರ ಪಕ್ಕ ಎಚ್7 ಅಂತ ಇತ್ತಾ, ನೆನಪಿಸಿಕೋ. ಬೇರಿಂಗ್ ಕೂರುವ ಜಾಗಕ್ಕೆ ಸಾಮಾನ್ಯವಾಗಿ ಅಂಥದ್ದೇ ಒಂದು ಮಿತಿ ಕೊಟ್ಟಿರುತ್ತಾರೆ. ಈ ಅಳತೆಗೆ ಎಚ್7 ಅಂದರೆ ರಂಧ್ರ 72.000ರಿಂದ 72.030 ಮಿಲಿಮೀಟರ್ ಒಳಗಿರಬೇಕು. ಇರುವ ಅವಕಾಶ, ಅಂದರೆ ಟಾಲರೆನ್ಸ್, ಒಟ್ಟು 30 ಮೈಕ್ರಾನ್. ಮಿಲಿಮೀಟರಿನ ಸಾವಿರದ ಒಂದು ಪಾಲಿಗೆ ಮೈಕ್ರಾನ್ ಅನ್ನುತ್ತೇವೆ. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. ಅಂದರೆ ನೀನು ದಿನವಿಡೀ ಅರ್ಧ ಕೂದಲಿಗಿಂತ ಸಣ್ಣ ಜಾಗದಲ್ಲಿ ಸರಿ ತಪ್ಪು ನೋಡುತ್ತಿದ್ದೆ.

ಈಗ ಬಿಸಿ ಪೀಸ್‌ಗೆ ಬರೋಣ. ಅಲ್ಯೂಮಿನಿಯಂ ಒಂದು ಡಿಗ್ರಿ ಬಿಸಿ ಏರಿದರೆ ಮೀಟರಿಗೆ ಸುಮಾರು 23 ಮೈಕ್ರಾನ್ ಹಿಗ್ಗುತ್ತದೆ. ನಿನ್ನ ಕೈಲಿದ್ದ ಪೀಸ್ 20 ಡಿಗ್ರಿ ಜಾಸ್ತಿ ಬಿಸಿ ಇತ್ತು ಅಂತಿಟ್ಟುಕೋ. 72 ಮಿಲಿಮೀಟರ್ ಅಂದರೆ 0.072 ಮೀಟರ್. ಲೆಕ್ಕ ಹಾಕು: 23 ಗುಣಿಸು 20, ಗುಣಿಸು 0.072. ಸುಮಾರು 33 ಮೈಕ್ರಾನ್. ಇರುವ ಅವಕಾಶವೇ 30! ಬಿಸಿಯೊಂದೇ ಅದನ್ನು ಪೂರ್ತಿ ನುಂಗಿ ಹಾಕಿತು. ಒಳ್ಳೆಯ ಪೀಸ್ ನಿನ್ನ ಕಣ್ಣಿಗೆ ಕೆಟ್ಟದ್ದಾಗಿ ಕಂಡಿತು. ಇದರ ಇನ್ನೊಂದು ಮುಖವೂ ಇದೆ, ಅದು ಇನ್ನೂ ಅಪಾಯ. ಬಿಸಿಯಲ್ಲಿ ಅಳೆದಾಗ ಸರಿ ಕಂಡ ಪೀಸ್ ತಣ್ಣಗಾದ ಮೇಲೆ 72ಕ್ಕಿಂತ ಕಿರಿದಾಗಿರಬಹುದು. ಅದು ಯಾರ ಕಣ್ಣಿಗೂ ಬೀಳದೆ ಗಿರಾಕಿಯ ಬಾಗಿಲಿಗೆ ಹೋಗುತ್ತದೆ, ಅಲ್ಲಿ ಬೇರಿಂಗ್ ಕೂರುವುದಿಲ್ಲ. ಅದೇ ಪೀಸ್ ಸ್ಟೀಲಿನದಾಗಿದ್ದರೆ ಹಿಗ್ಗುವುದು ಇದರ ಅರ್ಧದಷ್ಟೇ. ಅಲ್ಯೂಮಿನಿಯಂ ಆದ್ದರಿಂದಲೇ ಕಾಕಾ ಅಷ್ಟು ಖಚಿತವಾಗಿ ಕಾಯಲು ಹೇಳಿದ್ದು. ಅವರು ಈ ಗುಣಾಕಾರ ಮಾಡಿರಲಿಕ್ಕಿಲ್ಲ. ಅವರ ಕೈಗೆ ಅದು ಗೊತ್ತಿತ್ತು.

ಅಲ್ಲಿ ಅಳತೆಯ ಕೋಣೆಗೆ ಏಸಿ ಹಾಕಿದ್ದರಾ? 20 ಡಿಗ್ರಿಗೆ ಇಟ್ಟಿರುತ್ತಾರೆ. ಆ 20ಕ್ಕೂ ಒಂದು ಕಥೆ ಇದೆ. ಮೊದಲು ಮೀಟರ್ ಬಳಸುವವರು 0 ಡಿಗ್ರಿಯಲ್ಲಿ ಅಳತೆ ಹೇಳುತ್ತಿದ್ದರು, ಇಂಗ್ಲೆಂಡಿನವರು ತಮ್ಮ ಗಜವನ್ನು 62 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಹೇಳುತ್ತಿದ್ದರು. ಒಂದು ದೇಶದ ಬೋಲ್ಟ್ ಇನ್ನೊಂದು ದೇಶದ ನಟ್‌ಗೆ ಕೂರಬೇಕಾದರೆ ಎಲ್ಲರೂ ಒಂದೇ ಬಿಸಿಯಲ್ಲಿ ಅಳೆಯಬೇಕಲ್ಲ? 1931ರಲ್ಲಿ 20 ಡಿಗ್ರಿ ಸೆಲ್ಸಿಯಸ್ ಅಂತ ತೀರ್ಮಾನವಾಯಿತು. ಇವತ್ತಿಗೂ ಡ್ರಾಯಿಂಗ್ ಮೇಲೆ ಬೇರೆ ಏನೂ ಬರೆದಿಲ್ಲ ಅಂದರೆ ಅಳತೆ 20 ಡಿಗ್ರಿಯದು ಅಂತಲೇ ಅರ್ಥ. ಮಾಪನಶಾಸ್ತ್ರದ ಪಾಠದಲ್ಲಿ ನಾನು ಇದನ್ನು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದಿದ್ದೇನೆ. ಮಕ್ಕಳು ಬರೆದುಕೊಳ್ಳುತ್ತಿದ್ದರು, ಪರೀಕ್ಷೆ ಮುಗಿದ ಮೇಲೆ ಮರೆಯುತ್ತಿದ್ದರು. ನೀನು ಅದನ್ನು ಕೈಯಲ್ಲಿ ಹಿಡಿದು ಕಲಿತೆ, ಮರೆಯುವುದಿಲ್ಲ.

ಮತ್ತೆ ಬಾಯಿ ಯಾಕೆ ಬರುತ್ತಿಲ್ಲ? ನನ್ನದೇ ಒಂದು ವಿಷಯ ಹೇಳುತ್ತೇನೆ.

1989ರಲ್ಲಿ ನಾನು ದಾವಣಗೆರೆಯಿಂದ ಬೆಂಗಳೂರಿಗೆ ಆರು ವಾರದ ಇನ್‌ಪ್ಲಾಂಟ್ ಟ್ರೇನಿಂಗ್‌ಗೆ ಹೋಗಿದ್ದೆ. ಆಗ ಹಾಗೆ ಕರೆಯುತ್ತಿದ್ದರು. ಆ ಶಾಪ್ ಫ್ಲೋರ್‌ನಲ್ಲಿ ನಾನೊಬ್ಬಳೇ ಹುಡುಗಿ. ಮೂರು ವಾರ ಒಂದು ಗ್ರೈಂಡಿಂಗ್ ಮೆಷಿನ್ನಿನ ಪಕ್ಕ ನಿಂತಿದ್ದೆ. ಊರಿಗೆ ಬಂದ ಮೇಲೆ ಇದೇ ನಿನ್ನ ಹಾಗೆ, ನಾನೇನು ಮಾಡಿದೆ, ಸುಮ್ನೆ ನಿಂತಿದ್ದೆ ಅಷ್ಟೇ ಅನಿಸಿತು. ಸೀನಿಯರ್ ಒಬ್ಬರ ರಿಪೋರ್ಟ್ ಇಸಿದುಕೊಂಡೆ. ಕಾರ್ಖಾನೆ ಯಾವಾಗ ಶುರುವಾಯಿತು, ಎಷ್ಟು ಎಕರೆ, ಎಷ್ಟು ಜನ ಅಂತ ಇಪ್ಪತ್ತು ಪುಟ ನಕಲು ಮಾಡಿದೆ. ಒಳ್ಳೆಯ ಅಂಕವೂ ಬಂತು. ಎರಡು ವರ್ಷದ ನಂತರ ಲೆಕ್ಚರರ್ ಸಂದರ್ಶನಕ್ಕೆ ಹೋದಾಗ ಒಬ್ಬ ಹಿರಿಯರು ಕೇಳಿದರು: ‘ಆ ಮೆಷಿನ್ ಮೇಲೆ ಏನು ಮಾಡ್ತಿದ್ರಮ್ಮಾ? ಕಲ್ಲು ಎಷ್ಟು ಪೀಸಿಗೊಮ್ಮೆ ಡ್ರೆಸ್ ಮಾಡ್ತಿದ್ರು?’ ಸವೆದ ಗ್ರೈಂಡಿಂಗ್ ಕಲ್ಲಿನ ಮೈಯನ್ನು ಮತ್ತೆ ಹದಗೊಳಿಸುವುದಕ್ಕೆ ಡ್ರೆಸ್ ಮಾಡುವುದು ಅನ್ನುತ್ತಾರೆ. ಮೂರು ವಾರ ಕಣ್ಣೆದುರು ನಡೆದದ್ದು. ಒಂದಕ್ಕೂ ಉತ್ತರ ಬರಲಿಲ್ಲ. ನಾನು ನೋಡಿದ್ದು ನನ್ನಿಂದ ಸೋರಿ ಹೋಗಿತ್ತು. ಯಾಕೆಂದರೆ ನಾನು ಅದನ್ನು ಯಾರಿಗೂ ಹೇಳಿರಲಿಲ್ಲ. ಅಮ್ಮನಿಗೂ ಇಲ್ಲ. ‘ಅದೆಲ್ಲಾ ನಿನಗೆ ಅರ್ಥ ಆಗಲ್ಲ ಬಿಡು’ ಅಂದುಬಿಟ್ಟಿದ್ದೆ. ಆ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಅದಕ್ಕೇ ನಿನಗೆ ಹೇಳುತ್ತೇನೆ, ರಿಪೋರ್ಟ್ ಪಕ್ಕಕ್ಕಿಡು. ಮೊದಲು ಅವ್ವನಿಗೆ ಹೇಳು. ಅವ್ವ ಕೇಳಿದ್ದು ಸಣ್ಣ ಪ್ರಶ್ನೆ ಅಂದುಕೊಳ್ಳಬೇಡ. ನಿನ್ನ ಕಾಲೇಜಿನ ವೈವಾದಲ್ಲಿ ಇದಕ್ಕಿಂತ ಒಳ್ಳೆಯ ಪ್ರಶ್ನೆ ಯಾರೂ ಕೇಳುವುದಿಲ್ಲ.

ಹೇಗೆ ಹೇಳುವುದು? ಟಾಲರೆನ್ಸ್, ಬೋರ್ ಗೇಜ್ ಅಂದರೆ ಅವ್ವನಿಗೆ ದೂರ. ಆದರೆ ಬಳೆ ಗೊತ್ತಲ್ಲ. ಬಳೆ ಕೈಗೆ ಏರಬೇಕು, ಏರಿದ ಮೇಲೆ ಜಾರಿ ಬೀಳಬಾರದು. ಬಳೆಗಾರ ಕೈ ಹಿಡಿದು ಮುಷ್ಟಿ ಒತ್ತಿ ನೋಡಿ ‘ಎರಡು ನಾಲ್ಕು’ ‘ಎರಡು ಆರು’ ಅನ್ನುತ್ತಾನೆ. ಅದು ಎರಡು ಇಂಚು, ಮೇಲೆ ಇಂಚಿನ ಹದಿನಾರನೇ ಪಾಲಿನ ನಾಲ್ಕು ಅಥವಾ ಆರು. ರೂಪಾಯಿಗೆ ಹದಿನಾರಾಣೆ ಇದ್ದ ಹಾಗೆ ಇಂಚಿಗೆ ಹದಿನಾರು ಪಾಲು. ಆ ಎರಡು ಅಳತೆಗಳ ನಡುವೆ 3 ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ ಅಂತರ. ಒಂದು ಅಳತೆ ಆಚೀಚೆಯಾದರೆ ಬಳೆ ಏರುವುದಿಲ್ಲ, ಇಲ್ಲಾ ನಿಲ್ಲುವುದಿಲ್ಲ ಅಂತ ಅವ್ವನಿಗೆ ನಿನಗಿಂತ ಚೆನ್ನಾಗಿ ಗೊತ್ತು. ಈಗ ಹೇಳು: ‘ಅವ್ವಾ, ಬಳೆ ಅಳತೆಯ ಆ ಅಂತರವನ್ನ ನೂರು ಪಾಲು ಮಾಡಿದರ ಒಂದು ಪಾಲು ಎಷ್ಟಾಗ್ತದ, ಅಷ್ಟರೊಳಗ ತಪ್ಪು ಹುಡುಕೋದು ನನ್ನ ಕೆಲಸ ಆಗಿತ್ತು.’ ಬಿಸಿ ಪೀಸಿನ ಕಥೆಯನ್ನೂ ಹೇಳು. ಬಿಸಿಲಲ್ಲಿ ಹೊಲದಿಂದ ಬಂದ ಕೈ ಸ್ವಲ್ಪ ಊದಿರುತ್ತದೆ. ಆಗ ಅಳತೆ ಕೊಟ್ಟು ಬಳೆ ತಂದರೆ ಸಂಜೆಗೆ ಸಡಿಲ. ಕಾಕಾ ಅರ್ಧ ಗಂಟೆ ಕಾಯಲು ಹೇಳಿದ್ದು ಅದಕ್ಕೇ ಅಂದರೆ ಅವ್ವನಿಗೆ ತಟ್ಟನೆ ಅರ್ಥವಾಗುತ್ತದೆ. ಅವರು ಮತ್ತೆ ಒಂದು ಪ್ರಶ್ನೆ ಕೇಳುತ್ತಾರೆ ನೋಡು. ‘ಕೆಟ್ಟ ಪೀಸ್ ಏನ್ ಮಾಡ್ತಾರ?’ ಅನ್ನಬಹುದು. ನಿನಗೆ ಗೊತ್ತಿಲ್ಲದಿದ್ದರೆ ಬರೆದಿಟ್ಟುಕೋ, ಕಾಕಾಗೆ ಫೋನ್ ಮಾಡಿ ಕೇಳು. ಹೀಗೆ ಹೇಳುವಾಗ ನಿನಗೆ ಎಲ್ಲಿ ತಡವರಿಸುತ್ತದೋ ಅಲ್ಲಿ ನಿನ್ನ ಕಲಿಕೆ ಪೂರ್ತಿ ಆಗಿಲ್ಲ. ಎಲ್ಲಿ ಸಲೀಸಾಗಿ ಬರುತ್ತದೋ ಅದು ನಿನ್ನದಾಗಿದೆ.

ಅಜ್ಜಿ ಇದ್ದರೆ ಅವರಿಗೆ ಬೇರೆ ಕಥೆ ಇದೆ. ಆಳಂದಿ ಚಾಕಣ್‌ಗೆ ಹತ್ತಿರ. ಆಷಾಢ ಏಕಾದಶಿಗೆ ಪಂಢರಪುರ ಸೇರಬೇಕು ಅಂತ ಜ್ಞಾನೇಶ್ವರರ ಪಾಲಕಿ ಹೊರಡುವುದು ಅಲ್ಲಿಂದಲೇ. ನಿಮ್ಮ ಕಡೆ ಎಷ್ಟೋ ಮನೆಗಳಲ್ಲಿ ಪಂಢರಪುರಕ್ಕೆ ಹೋಗಿ ಬಂದವರಿದ್ದಾರೆ. ನೀನು ಅಲ್ಲಿದ್ದ ದಿನಗಳಲ್ಲಿ ರಸ್ತೆಯಲ್ಲಿ ತಾಳ ಹಿಡಿದು ನಡೆಯುವವರನ್ನು ನೋಡಿದ್ದರೆ, ಬಸ್ಸು ನಿಂತು ಶಿಫ್ಟಿಗೆ ತಡವಾಗಿದ್ದರೆ, ಅದನ್ನೂ ಹೇಳು. ಇಂಟರ್ನ್‌ಶಿಪ್ ಅಂದರೆ ಕಾರ್ಖಾನೆಯ ಗೇಟಿನ ಒಳಗಿನದ್ದು ಮಾತ್ರವಾ?

ಈಗ ‘ಮನೆಯಲ್ಲಿದ್ದೂ ಇಲ್ಲದ ಹಾಗೆ’ ಅನ್ನುವ ಮಾತು. ಇದನ್ನು ನಾನು ಬಹಳ ಮಕ್ಕಳ ಬಾಯಲ್ಲಿ ಕೇಳಿದ್ದೇನೆ. ಹೋಗುವಾಗ ಮನೆ ಬಿಟ್ಟ ಸಂಕಟ ಎಲ್ಲರಿಗೂ ಗೊತ್ತಿರುತ್ತದೆ, ಅದಕ್ಕೆ ಸಮಾಧಾನ ಹೇಳುವವರೂ ಇರುತ್ತಾರೆ. ವಾಪಸ್ ಬಂದ ಮೇಲಿನ ಸಂಕಟ ಯಾರಿಗೂ ಕಾಣುವುದಿಲ್ಲ. ಬಂದಳಲ್ಲ, ಖುಷಿಯಾಗಿರಬೇಕಲ್ಲ ಅಂತಾರೆ. ಎರಡು ತಿಂಗಳು ನೀನೇ ಎದ್ದೆ, ನೀನೇ ಬಸ್ ಹಿಡಿದೆ, ಗೊತ್ತಿಲ್ಲದ ಮರಾಠಿಯಲ್ಲಿ ಕೆಲಸ ಸಾಗಿಸಿದೆ, ತಿಂಗಳ ಖರ್ಚನ್ನು ನೀನೇ ತೂಗಿಸಿದೆ. ಈಗ ಅಂಗಡಿಗೆ ಹೊರಟರೂ ‘ಎಲ್ಲಿಗೆ?’ ಅಂತ ಕೇಳುತ್ತಾರೆ. ಮನೆ ಬದಲಾಗಿಲ್ಲ, ನೀನು ಸ್ವಲ್ಪ ಬದಲಾಗಿದ್ದೀಯ. ಮನೆಯವರಿಗೆ ಅದು ಇನ್ನೂ ಗೊತ್ತಾಗಿಲ್ಲ. ಇದರಲ್ಲಿ ಯಾರ ತಪ್ಪೂ ಇಲ್ಲ. ರೈಲಿನಲ್ಲಿ ಅತ್ತದ್ದಕ್ಕೂ ನಾಚಿಕೊಳ್ಳಬೇಕಿಲ್ಲ. ಒಂದು ಜಾಗದಲ್ಲಿ ಮನಸ್ಸಿಟ್ಟು ಇದ್ದೆ, ಅದಕ್ಕೇ ಅಳು ಬಂತು. ಕಾಟಾಚಾರಕ್ಕೆ ಇದ್ದವರು ಅಳುವುದಿಲ್ಲ.

ಸಾಮಾನ್ಯವಾಗಿ ಕಾಲೇಜು ಶುರುವಾಗಿ ದಿನಚರಿ ಹಿಡಿದ ಮೇಲೆ ಇದು ಇಳಿಯುತ್ತದೆ. ಹಾಗಾಗದೆ ನಿದ್ದೆ, ಊಟ ಎರಡೂ ಕೆಟ್ಟು ವಾರಗಟ್ಟಲೆ ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ ತಡ ಮಾಡಬೇಡ. 14416ಕ್ಕೆ ಫೋನ್ ಮಾಡು. ಅದು ಟೆಲಿ ಮಾನಸ್ ಅನ್ನುವ ಸರ್ಕಾರದ ಉಚಿತ ಸಹಾಯವಾಣಿ, 2022ರಲ್ಲಿ ಶುರುವಾದದ್ದು, ಬೆಂಗಳೂರಿನ ನಿಮ್ಹಾನ್ಸ್ ಅದನ್ನು ನೋಡಿಕೊಳ್ಳುತ್ತದೆ. ಕನ್ನಡದಲ್ಲೇ ಮಾತಾಡಬಹುದು.

ದುಡ್ಡಿನ ವಿಷಯ. ಎಂಟು ವಾರ, ವಾರಕ್ಕೆ ಆರು ದಿನ, ದಿನಕ್ಕೆ ಎಂಟು ಗಂಟೆ ಅಂದರೂ 384 ಗಂಟೆ ಆಯಿತು. ಇಷ್ಟು ಹೊತ್ತು ನಿಜವಾದ ಕೆಲಸ ಮಾಡಿಸಿಕೊಂಡವರು ಕೋಣೆ ಬಾಡಿಗೆಗಾದರೂ ಆಗುವಷ್ಟು ಕೊಡಬೇಕಿತ್ತು. ಇದು ನನ್ನ ಗಟ್ಟಿ ಅಭಿಪ್ರಾಯ. ನಮ್ಮಲ್ಲಿ ಅಪ್ರೆಂಟಿಸ್‌ಗೆ 1961ರ ಕಾಯ್ದೆ ಇದೆ, ಅದರ ಪ್ರಕಾರ ಸ್ಟೈಪೆಂಡ್ ಕೊಡಲೇಬೇಕು. ಇಂಟರ್ನ್‌ಗೆ ಅಂಥ ಕಾಯ್ದೆಯ ಬಲ ಇಲ್ಲ. ಆದ್ದರಿಂದ ಬೆಂಗಳೂರಿನ ಗೆಳತಿಯರ ದುಡ್ಡಿನ ಜೊತೆ ನಿನ್ನ ಕಲಿಕೆಯನ್ನು ತೂಗಬೇಡ. ಅವರಿಗೆ ಸಿಕ್ಕಿತು, ನಿನಗೆ ಸಿಗಲಿಲ್ಲ. ಅದು ಆ ಕಂಪನಿಗಳ ಲೆಕ್ಕ, ನಿನ್ನ ಬೆಲೆಯ ಲೆಕ್ಕವಲ್ಲ. ಮುಂದಿನ ವರ್ಷ ಡಿಗ್ರಿ ಮುಗಿದ ಮೇಲೆ ಕೆಲಸ ತಡವಾದರೆ ಒಂದು ವರ್ಷದ ಗ್ರ್ಯಾಜುಯೇಟ್ ಅಪ್ರೆಂಟಿಸ್‌ಶಿಪ್ ಇದೆ ಅನ್ನುವುದು ತಲೆಯಲ್ಲಿರಲಿ. ನ್ಯಾಟ್ಸ್ ಅನ್ನುವ ಕೇಂದ್ರ ಸರ್ಕಾರದ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಬಹುದು. ಅಳತೆ ಗೊತ್ತಿರುವವರು ಬೇಕಾಗಿರುವ ಜಾಗ ದೂರವೂ ಇಲ್ಲ. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳು, ಧಾರವಾಡದ ವಾಹನ ಕಾರ್ಖಾನೆ, ಬೆಂಗಳೂರಿನ ಪೀಣ್ಯ, ಎಲ್ಲ ಕಡೆ ಕ್ವಾಲಿಟಿ ವಿಭಾಗ ಇದ್ದೇ ಇದೆ. ಅಪ್ಪನಿಗೆ ಮಾತ್ರ ಒಂದು ಕೆಲಸ ಮಾಡು. ಎಷ್ಟು ಕಳಿಸಿದ್ದರು, ಬಾಡಿಗೆಗೆ ಎಷ್ಟು, ಊಟಕ್ಕೆ ಎಷ್ಟು, ಓಡಾಟಕ್ಕೆ ಎಷ್ಟು ಅಂತ ಒಂದು ಹಾಳೆಯಲ್ಲಿ ಬರೆದು ಕೊಡು. ಅವರು ಕೇಳಿರುವುದಿಲ್ಲ. ಕೊಟ್ಟರೆ ಇಬ್ಬರಿಗೂ ಮನಸ್ಸು ಹಗುರಾಗುತ್ತದೆ.

ಇನ್ನು ರಿಪೋರ್ಟ್. ಕಂಪನಿಯ ಇತಿಹಾಸಕ್ಕೆ ಒಂದು ಪುಟ ಸಾಕು. ನಾನು ರಿಪೋರ್ಟ್ ಕೈಗೆತ್ತಿಕೊಂಡರೆ ಮೊದಲ ಹತ್ತು ಪುಟ ತಿರುವಿ ಹಾಕಿ ‘ನಾನು’ ಅನ್ನುವ ಪದ ಎಲ್ಲಿ ಬರುತ್ತದೆ ಅಂತ ಹುಡುಕುತ್ತಿದ್ದೆ. ನಿನ್ನದು ಎರಡನೇ ಪುಟಕ್ಕೇ ಬರಲಿ. ಬಿಸಿ ಪೀಸಿನಿಂದ ಶುರು ಮಾಡು. ಆ ದಿನ ಏನಾಯಿತು, ಯಾಕಾಯಿತು, ಮೇಲಿನ ಲೆಕ್ಕ, ಆಮೇಲೆ ನೀನು ಅಳೆಯುವ ಕ್ರಮ ಹೇಗೆ ಬದಲಾಯಿಸಿದೆ.

ಮೊದಲ ನಾಲ್ಕು ದಿನ ಸೇಫ್ಟಿ ತರಬೇತಿಗೆ ಹೋಯಿತು ಅಂತ ಬಿಟ್ಟರೂ 44 ದಿನ ಅಳೆದಿದ್ದೀಯ. ದಿನಕ್ಕೆ 60ರಂತೆ 2,640 ಅಳತೆ. ಇಷ್ಟು ಅಂಕಿ ಇಟ್ಟುಕೊಂಡು ಏನೂ ಮಾಡಿಲ್ಲ ಅಂತೀಯಲ್ಲ! ಅವುಗಳನ್ನು ಹೊತ್ತಿನ ಪ್ರಕಾರ ಜೋಡಿಸಿ ಗ್ರಾಫ್ ಬರೆದು ನೋಡು. ಬೆಳಿಗ್ಗೆ ಮೆಷಿನ್ ಆಗ ತಾನೇ ಶುರುವಾದಾಗ ರಂಧ್ರದ ಅಳತೆ ಒಂದು ಕಡೆ ವಾಲುತ್ತದಾ? ಊಟದ ಬಿಡುವಿನ ನಂತರ? ಟೂಲ್ ಬದಲಾಯಿಸಿದ ಮೇಲೆ? ಸವೆದ ಟೂಲ್ ರಂಧ್ರವನ್ನು ನಿಧಾನವಾಗಿ ಕಿರಿದು ಮಾಡುತ್ತಾ ಹೋಗುತ್ತದೆ, ಹೊಸದು ಹಾಕಿದ ಕೂಡಲೇ ಗೆರೆ ಮೇಲಕ್ಕೆ ಜಿಗಿಯುತ್ತದೆ. ಅದು ನಿನ್ನ ಅಂಕಿಗಳಲ್ಲಿ ಕಂಡರೆ ಅದೊಂದು ಚಿತ್ರಕ್ಕೆ ಇಡೀ ರಿಪೋರ್ಟಿನ ಬೆಲೆ ಇದೆ. ಕಾಣದಿದ್ದರೆ ಕಾಣಲಿಲ್ಲ ಅಂತಲೇ ಬರೆ. ಇಲ್ಲದ್ದನ್ನು ತೋರಿಸಬೇಡ.

ಒಂದು ಎಚ್ಚರಿಕೆ. ಆ ಅಂಕಿಗಳು, ಡ್ರಾಯಿಂಗ್, ಪಾರ್ಟ್ ನಂಬರ್, ಗಿರಾಕಿಯ ಹೆಸರು, ಒಳಗೆ ತೆಗೆದ ಫೋಟೊ ಎಲ್ಲ ಕಂಪನಿಯ ಸ್ವತ್ತು. ನಿನ್ನ ಹತ್ತಿರ ಫೈಲ್ ಇದೆ ಅಂತ ಹಾಕಿಬಿಡಬೇಡ. ಮೇಲ್ವಿಚಾರಕರಿಗೆ ಇಮೇಲ್ ಬರೆದು, ಹೆಸರು ಮತ್ತು ನಂಬರ್ ತೆಗೆದು ಬಳಸಲೇ ಅಂತ ಕೇಳು. ಬೇಡ ಅಂದರೆ ಅಂಕಿಗಳನ್ನು ಬಿಟ್ಟು ಕ್ರಮವನ್ನಷ್ಟೇ ವಿವರಿಸು. ಅದೇ ಇಮೇಲ್‌ನಲ್ಲಿ ಸರ್ಟಿಫಿಕೇಟಿನ ಮಾತೂ ಎತ್ತು. ಅದರಲ್ಲಿ ಶುರುವಾದ ದಿನ, ಮುಗಿದ ದಿನ, ವಿಭಾಗದ ಹೆಸರು, ಮಾಡಿದ ಕೆಲಸ ಇಷ್ಟೂ ಇದೆಯಾ ನೋಡು. ‘ಯಶಸ್ವಿಯಾಗಿ ಮುಗಿಸಿದ್ದಾರೆ’ ಅಂತ ಒಂದೇ ಸಾಲಿದ್ದರೆ ಈಗಲೇ ಸರಿ ಮಾಡಿಸು. ಆರು ತಿಂಗಳ ಮೇಲೆ ಕೇಳಿದರೆ ನಿನ್ನನ್ನು ನೆನಪಿಟ್ಟವರು ಬೇರೆ ಕಡೆ ಹೋಗಿರುತ್ತಾರೆ.

ಡೈರಿ ಬರೆದಿಲ್ಲ ಅಲ್ವಾ? ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಎಐಸಿಟಿಇಯ ಇಂಟರ್ನ್‌ಶಿಪ್ ನೀತಿಯಲ್ಲಿ ದಿನಚರಿ ಬರೆಯಬೇಕು ಅಂತಿದೆ, ಆದರೆ ಬಹಳ ಮಂದಿ ಬರೆಯುವುದಿಲ್ಲ. ಈಗಲೂ ಪೂರ್ತಿ ತಡವಾಗಿಲ್ಲ. ಫೋನ್ ತೆಗೆ. ಅವ್ವನಿಗೆ ಕಳಿಸಿದ ವಾಟ್ಸಾಪ್ ವಾಯ್ಸ್ ಮೆಸೇಜ್‌ಗಳನ್ನು ದಿನಾಂಕದ ಪ್ರಕಾರ ಮತ್ತೆ ಕೇಳು. ‘ಇವತ್ತು ಕಾಲು ನೋವು ಅವ್ವಾ, ಆಡಿಟ್ ಇತ್ತು’ ಅಂದಿರುತ್ತೀಯ. ಆ ಒಂದು ಮಾತಿನಿಂದ ಆ ಇಡೀ ದಿನ ವಾಪಸ್ ಬರುತ್ತದೆ. ಬಂದದ್ದನ್ನು ಬಂದ ಹಾಗೆ ನೋಟ್‌ಬುಕ್ಕಿಗೆ ಇಳಿಸು. ಇನ್ನೊಂದು ವಾರದೊಳಗೆ ಮಾಡು, ಆಮೇಲೆ ದಿನಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ.

ಮತ್ತೆ ಆ ಸ್ಕೇಲ್. ಹಳೆಯ ಆಪರೇಟರುಗಳು ತಮ್ಮ ಸ್ಕೇಲನ್ನು ಸುಲಭಕ್ಕೆ ಯಾರಿಗೂ ಕೊಡುವುದಿಲ್ಲ. ಜೇಬಿನಲ್ಲೇ ಇಟ್ಟುಕೊಂಡಿರುತ್ತಾರೆ, ಅಂಚು ಕೈಗೆ ಸವೆದು ನುಣುಪಾಗಿರುತ್ತದೆ. ಕಾಕಾಗೆ ಒಂದು ಫೋನ್ ಮಾಡು. ಮೆಸೇಜ್ ಬೇಡ, ಫೋನೇ ಮಾಡು, ಭಾನುವಾರ ಮಾಡು. ಊರು ಸೇರಿದೆ, ಬಿಸಿ ಪೀಸ್ ಯಾಕೆ ಹಿಗ್ಗಿತು ಅಂತ ಲೆಕ್ಕ ಹಾಕಿದೆ, 33 ಮೈಕ್ರಾನ್ ಬಂತು ಅಂತ ಹೇಳು. ಸ್ಕೇಲನ್ನು ಶೋಕೇಸಿನಲ್ಲಿ ಇಡಬೇಡ, ಕಾಲೇಜು ಬ್ಯಾಗಿನಲ್ಲೇ ಇರಲಿ. ಮಳೆಗಾಲ ಮುಗಿಯುವವರೆಗೆ ವಾರಕ್ಕೊಮ್ಮೆ ಹೊಲಿಗೆ ಮೆಷಿನ್ನಿನ ಎಣ್ಣೆ ಒಂದು ಹನಿ ಹಾಕಿ ಹತ್ತಿ ಬಟ್ಟೆಯಿಂದ ಒರೆಸು. ಅಂಕಿ ಮಾಸಿದ ಕಡೆ ಜೋರಾಗಿ ಉಜ್ಜಬೇಡ.